ಹತ್ತೊಂಬತ್ತು ಹಿಡಿ

ಮೂವತ್ತೆಂಟು ವರ್ಷ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ನಾನು ಉಪ್ಪು ಹಾಕಿದ್ದು ಕೈಯಳತೆಯಲ್ಲೇ. ಐವತ್ತು ಜನಕ್ಕೆ ಒಂದು ಹಿಡಿ, ನೂರು ಜನಕ್ಕೆ ಎರಡು ಹಿಡಿ, ಮೇಲೊಂದು ಚಿಟಿಕೆ. ಚಮಚ, ತಕ್ಕಡಿಗಳೆಲ್ಲ ತಮ್ಮ ಕೈಯ ಮೇಲೆ ನಂಬಿಕೆ ಇಲ್ಲದವರಿಗೆ ಎಂದು ಜೊತೆಯವರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಅಷ್ಟು ವರ್ಷದಲ್ಲಿ ಉಪ್ಪು ಹೆಚ್ಚಾಯಿತೆಂದು ಒಬ್ಬರೂ ತಟ್ಟೆ ಬಿಟ್ಟು ಎದ್ದವರಿಲ್ಲ. ಇಷ್ಟು ಹೆಸರು ಮಾಡಿದ ಕೈ ಒಂದಲ್ಲ ಒಂದು ದಿನ ಮಾನ ಕಳೆಯಲೇಬೇಕಿತ್ತೋ ಏನೋ. ನಿವೃತ್ತಿಯಾಗಿ ಎರಡು ವರ್ಷಕ್ಕೆ ಕಳೆಯಿತು, ಅದೂ ಪಕ್ಕದ ಮನೆಯ ಲಾನಿನಲ್ಲಿ.

ಪಕ್ಕದ ಮನೆಯವರು ನರ್ಸ್ ಆಗಿದ್ದವರು. ಬೀದಿಯವರೆಲ್ಲ ಅವರನ್ನು ಸಿಸ್ಟರಕ್ಕ ಎನ್ನುತ್ತಾರೆ. ಒಂದೇ ಹೆಸರಿನಲ್ಲಿ ಎರಡು ಸಲ ಅಕ್ಕನಾಗಿದ್ದೇನೆ ಎಂದು ಅವರೇ ನಗುತ್ತಾರೆ. ನನ್ನನ್ನು ಅಣ್ಣ ಎಂದೂ ನನ್ನ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಾರೆ. ಹಾಗೆ ಕರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಕರೆದ ಹಾಗೆ ನಡೆದುಕೊಂಡವರು ಇವರೊಬ್ಬರೇ.

ನಾನು ಕೆಲಸ ಬಿಟ್ಟ ತಿಂಗಳಲ್ಲೇ ನನ್ನ ಹೆಂಡತಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಏಳು ತಿಂಗಳು ಹಾಸಿಗೆ. ಇನ್ನೂರು ಜನಕ್ಕೆ ಬೇಯಿಸಿ ಹಾಕಿದ ನನಗೆ ಒಬ್ಬಳನ್ನು ನೋವಾಗದ ಹಾಗೆ ಮಗ್ಗುಲು ಹೊರಳಿಸಲು ಬರಲಿಲ್ಲ. ಸಿಸ್ಟರಕ್ಕ ಎರಡು ಮನೆಗಳ ನಡುವಿನ ಗಿಡ್ಡ ಗೇಟು ದಾಟಿ ದಿನಕ್ಕೆ ಎರಡು ಸಲ ಬರುತ್ತಿದ್ದರು. ಬೆನ್ನಿನ ಹುಣ್ಣು ತೊಳೆಯುತ್ತಿದ್ದರು, ಮೈ ಒರೆಸುತ್ತಿದ್ದರು, ಹೋಗುವಾಗ ನನಗೊಂದು ಬೈಗುಳ ಕೊಟ್ಟು ಹೋಗುತ್ತಿದ್ದರು. ಆಮೇಲೆ ಇವಳನ್ನು ಎಬ್ಬಿಸಿ ತಮ್ಮ ಲಾನಿಗೆ ಕರೆದುಕೊಂಡು ಹೋದರು. "ಸಿಮೆಂಟ್ ಮೇಲೆ ಬೇಡ ಅತ್ತಿಗೆ. ಇಲ್ಲಿ ಬಿದ್ರೆ ಹುಲ್ಲು ಹಿಡ್ಕೊಳ್ಳುತ್ತೆ," ಎಂದರು. ಅಲ್ಲಿ ನನ್ನ ಹೆಂಡತಿ ಮೂರು ಸಲ ಬಿದ್ದಳು. ನಾಲ್ಕನೆಯ ಸಲ ಬೀಳಲಿಲ್ಲ. ಮೆಟ್ಟಿಲಿನಿಂದ ನಲ್ಲಿಯ ಕಡೆಗೆ ಎಂಟು ಹೆಜ್ಜೆ ನಡೆದಳು. ನಾನು ಗೇಟಿನ ಸರಳು ಹಿಡಿದು ನಿಂತು ಹೆಂಗಸಿನ ಹಾಗೆ ಅತ್ತೆ ಎಂದು ಬರೆಯಬೇಕೆಂದಿದ್ದೆ, ಆದರೆ ಅಲ್ಲಿದ್ದ ಇಬ್ಬರು ಹೆಂಗಸರೂ ಅಳಲಿಲ್ಲ. ಅತ್ತವನು ನಾನೊಬ್ಬನೇ.

ಕಾಲು ಬಂತು, ಬಲಗೈ ಬರಲಿಲ್ಲ. ಬೆರಳು ಬಿಚ್ಚುತ್ತಿದ್ದವು, ಆದರೆ ನಿಲ್ಲದ ನಡುಕ. ಸಿಸ್ಟರಕ್ಕ ತಟ್ಟೆಯಲ್ಲಿ ಒಣ ಕಾಳು ಹಾಕಿ, ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಲು ಹೇಳುತ್ತಿದ್ದರು. ಇವಳಿಗೆ ಸಿಟ್ಟು ಬಂದು ತಟ್ಟೆ ಎಸೆಯುತ್ತಿದ್ದಳು. ಅವರು ನೆಲದ ಮೇಲೆ ಕೂತು ಕಾಳು ಬಳಿದು ಮತ್ತೆ ತಟ್ಟೆಗೆ ಹಾಕುತ್ತಿದ್ದರು. ಈ ಕೈ ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದರು, ನಾನೂ ಒಪ್ಪಿಕೊಂಡೆ. ಇವಳು ಅದನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡಳು. ಮನೆಗೆ ಬಂದವರಿಗೆ ತೋರಿಸುತ್ತಿರಲಿಲ್ಲ.

ಈ ವರ್ಷ ಸಿಸ್ಟರಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ತಮ್ಮ ದೊಡ್ಡಕ್ಕನ ಮನೆಗೆ ಹೊರಟರು. ಎರಡೂ ಕಣ್ಣು, ನಡುವೆ ಬಿಡುವು, ಒಟ್ಟು ಆರು ವಾರ. ಕರೆದೊಯ್ಯಲು ಬಂದ ಆ ದೊಡ್ಡಕ್ಕ ಗೇಟಿನ ಹತ್ತಿರ ನನಗೆ ಹೇಳಿದರು: "ಒಂದೂವರೆ ವರ್ಷದ ಹಿಂದೇನೇ ಆಗ್ಬೇಕಿತ್ತು. ಆಪರೇಶನ್ ಆದ್ಮೇಲೆ ಭಾರ ಎತ್ತೋ ಹಾಗಿಲ್ವಲ್ಲ, ಅತ್ತಿಗೇನ ಯಾರು ಎತ್ತಾರೆ ಅಂತ ಮುಂದಕ್ಕೆ ಹಾಕ್ತಾನೇ ಬಂದಳು."

ಮಂಜುಗಣ್ಣಿನಲ್ಲಿ, ಬೆರಳಿನಲ್ಲೇ ತಡವಿ ತಡವಿ ಅವರು ನನ್ನ ಹೆಂಡತಿಯ ಹುಣ್ಣು ತೊಳೆದಿದ್ದರು. ನಾನು ಒಂದು ದಿನವೂ ಅವರಿಗೆ ನಿಮ್ಮಿಂದ ಉಪಕಾರವಾಯಿತು ಎಂದಿರಲಿಲ್ಲ. ಬಾಯಿ ಬಿಟ್ಟರೆ ಅಳು ಬರುತ್ತದೆ ಎಂದು ತಿಂಡಿ ಮಾಡಿ ಕಳಿಸುತ್ತಿದ್ದೆ, ಅಷ್ಟೆ.

ಹೊರಡುವಾಗ ಅವರು ನೀರಿನ ಪೈಪು ನನ್ನ ಕೈಗೆ ಕೊಟ್ಟರು. "ದಿನಾ ನೀರು ಹಾಕಿದ್ರೆ ಸಾಕಣ್ಣ. ಬೇರೇನೂ ಮಾಡೋಕೆ ಹೋಗ್ಬೇಡಿ."

ನಾನು ಬೇರೇನೋ ಮಾಡಲು ಹೋದೆ. ಲಾನು ಸ್ವಲ್ಪ ಬಡಕಲಾಗಿತ್ತು. ಕಣ್ಣು ಬಂದ ಮೇಲೆ ಅವರು ಮೊದಲು ನೋಡುವ ಹಸಿರು ದಟ್ಟವಾಗಿರಲಿ ಎಂಬ ಆಸೆ. ಬೀಜದಂಗಡಿಗೆ ಹೋಗಿ ಗೊಬ್ಬರ ಕೇಳಿದೆ. ಅಂಗಡಿಯವನು ಒಂದು ಚೀಲ ಬಿಳಿ ಹರಳು ಕೊಟ್ಟು, ಮರಳಿನ ಜೊತೆ ಬೆರೆಸಿ, ಅಳೆದು, ತೆಳ್ಳಗೆ ಎರಚಿ ಎಂದು ಏನೇನೋ ಹೇಳಿದ. ನನ್ನ ಕಿವಿ ಅಲ್ಲಿರಲಿಲ್ಲ. ಚೀಲ ಬಿಚ್ಚಿದರೆ ಥೇಟ್ ಉಪ್ಪು. ಕೈ ತಾನಾಗಿಯೇ ಒಳಗೆ ಹೋಯಿತು. ಮೂರು ಹೆಜ್ಜೆಗೊಂದು ಹಿಡಿ, ಮೂರು ಹೆಜ್ಜೆಗೊಂದು ಹಿಡಿ. ಮೇಲೆ ಒಂದಿಷ್ಟು ನೀರು ಚಿಮುಕಿಸಿ, ಬಲು ಜಂಬದಿಂದ ಮನೆಗೆ ಬಂದು ಚಹಾ ಕುಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಗೇಟು ತೆಗೆದು ನೋಡಿದೆ. ನನ್ನ ಹಿಡಿ ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಕಂದಾಗಿತ್ತು. ಒಂದೊಂದೂ ತಟ್ಟೆಯಗಲ. ಎಣಿಸಿದೆ, ಹತ್ತೊಂಬತ್ತು. ಮೆಟ್ಟಿಲಿನ ಪಕ್ಕದಲ್ಲೂ ಒಂದು, ನನ್ನ ಹೆಂಡತಿ ಮೊದಲ ಹೆಜ್ಜೆ ಇಟ್ಟ ಜಾಗದಲ್ಲೇ.

ಹೆಂಡತಿ ಕೋಲೂರಿಕೊಂಡು ಬಂದು ನೋಡಿದಳು. ಲಕ್ವ ಹೊಡೆದ ಮೇಲೆ ಅವಳ ಮಾತು ನಿಧಾನ, ಹರಿತ ಮಾತ್ರ ಮೊದಲಿನಷ್ಟೇ.

"ಬೇರೇನೂ ಮಾಡ್ಬೇಡಿ... ಅಂದಿದ್ರಲ್ವಾ?"

"ಒಳ್ಳೇದಾಗ್ಲಿ ಅಂತ ಹಾಕ್ದೆ ಕಣೇ."

"ಆಯ್ತಲ್ಲ... ಒಳ್ಳೇದು."

ಮತ್ತೆ ಅಂಗಡಿಗೆ ಓಡಿದೆ. ಅಂಗಡಿಯವನು ನನ್ನ ಅಳತೆ ಕೇಳಿ ತಲೆಯ ಮೇಲೆ ಕೈಹೊತ್ತ. "ಯಜಮಾನ್ರೇ, ಅದು ಇಡೀ ಲಾನಿಗೆ ಎರಡು ಹಿಡಿ ಸಾಕಾಗ್ತಿತ್ತು!" ಎಂದ. ಆಮೇಲೆ ಪಾಪ, ಕೂರಿಸಿಕೊಂಡು ಹೇಳಿಕೊಟ್ಟ. ಮೊದಲು ಒಂದು ವಾರ ಆ ಜಾಗಗಳಿಗೆ ನೀರು ಕುಡಿಸಿ ಕುಡಿಸಿ ಮಣ್ಣಿನ ಖಾರ ಇಳಿಸಬೇಕು. ಸತ್ತ ಹುಲ್ಲು ಕೆರೆದು ತೆಗೆಯಬೇಕು. ಬೆರಳುದ್ದ ಆಳಕ್ಕೆ ಮಣ್ಣು ಸಡಿಲಿಸಿ, ಜರಡಿ ಹಿಡಿದ ಮಣ್ಣು ಮೇಲೆ ಹಾಕಿ ಸಮ ಮಾಡಬೇಕು. ಬೀಜವನ್ನು ತೆಳ್ಳಗೆ ಎರಚಿ, ಹಲಗೆಯಿಂದ ಒತ್ತಿ, ಒಣಗದ ಹಾಗೆ ನೋಡಿಕೊಳ್ಳಬೇಕು.

ನೀರು ಕುಡಿಸಿದೆ. ಕೆರೆದೆ. ಜರಡಿ ಹಿಡಿಯುವುದು ನನ್ನ ಹಳೆಯ ಕಸುಬೇ, ಅದರಲ್ಲಿ ಯಾರೂ ನನ್ನನ್ನು ಮೀರಿಸಲಾರರು. ಬೀಜ ಹಾಕುವಾಗ ಮಾತ್ರ ಕೈ ಮತ್ತೆ ತನ್ನ ಬುದ್ಧಿ ತೋರಿಸಿತು. ಆ ಬೀಜ ಜೀರಿಗೆಗಿಂತ ಹಗುರ. ನನ್ನ ಹಿಡಿಯಿಂದ ಬಿದ್ದರೆ ಮುದ್ದೆಯಾಗಿ ಬೀಳುತ್ತಿತ್ತು. ಹತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಕೆಲವು ಕಡೆ ಹಲ್ಲುಜ್ಜುವ ಬ್ರಷ್ಷಿನಂತೆ ಒತ್ತೊತ್ತಾಗಿ ಎದ್ದು, ಒಂದಕ್ಕೊಂದು ಉಸಿರು ಬಿಡಲು ಬಿಡದೆ, ಬುಡ ಕೊಳೆತು ಮಲಗಿತು. ಉಳಿದ ಕಡೆ ಬೋಳು. ಅಲ್ಲಿದ್ದ ನಾಲ್ಕು ಬೀಜವನ್ನು ಗುಬ್ಬಿಗಳು ಹೆಕ್ಕಿಕೊಂಡು ಹೋಗಿದ್ದವು.

ಅವರು ಬರುವುದಕ್ಕೆ ಇನ್ನು ಹದಿನೇಳು ದಿನವಿತ್ತು. ನಾನು ಮಣ್ಣನ್ನು ಮತ್ತೆ ಹದ ಮಾಡಿ, ಬೀಜದ ಪೊಟ್ಟಣ ಹಿಡಿದು, ಆ ಪೊಟ್ಟಣಕ್ಕೂ ಗುಬ್ಬಿಗಳಿಗೂ ನನಗೂ ಸೇರಿಸಿ ಬಯ್ಯುತ್ತ ನಿಂತಿದ್ದೆ. ಹೆಂಡತಿ ಕುರ್ಚಿಯಿಂದ ಎದ್ದು ಬಂದಳು.

"ಇಲ್ಲಿ ಕೊಡಿ."

"ನೀನೇನು ಮಾಡ್ತೀಯಾ?"

"ಕೊಡಿ ಅಂದ್ರೆ... ಕೊಡಿ."

ಅವಳ ಎಡಗೈಯಲ್ಲಿ ಕೋಲಿತ್ತು. ಕೋಲು ಬಿಟ್ಟರೆ ಬೀಳುತ್ತಾಳೆ. ಖಾಲಿ ಇದ್ದದ್ದು ಇನ್ನೊಂದು ಕೈ ಮಾತ್ರ. ಅದು ಶಾಲಿನ ಒಳಗಿನಿಂದ ಮೆಲ್ಲಗೆ ಹೊರಗೆ ಬಂತು. ನಾನು ಅದನ್ನು ಬೆಳಕಿನಲ್ಲಿ ಸರಿಯಾಗಿ ನೋಡಿ ತಿಂಗಳುಗಳಾಗಿದ್ದವು. ಅಂಗೈಗೆ ಒಂದಿಷ್ಟು ಬೀಜ ಸುರಿದೆ. ಅವಳು ತೋಳನ್ನು ಆ ಬೋಳು ಜಾಗದ ಮೇಲೆ ಚಾಚಿ, ಬೆರಳುಗಳನ್ನು ಸ್ವಲ್ಪವೇ ಬಿಡಿಸಿದಳು.

ಕೈ ನಡುಗಿತು. ಆ ನಡುಕಕ್ಕೆ ಬೀಜ ಬೆರಳುಗಳ ಸಂದಿಯಿಂದ ಒಂದೊಂದಾಗಿ, ಎರಡೆರಡಾಗಿ ಉದುರಿತು. ಜರಡಿ ಆಡಿಸಿದ ಹಾಗೆ. ಎಲ್ಲಿಯೂ ಗುಡ್ಡೆಯಿಲ್ಲ, ಎಲ್ಲಿಯೂ ಖಾಲಿಯಿಲ್ಲ. ನಾನು ಮೂವತ್ತೆಂಟು ವರ್ಷದ ಕಸುಬಿನವನು, ಬಾಯಿ ತೆರೆದುಕೊಂಡು ನೋಡಿದೆ.

"ಮುಂದಿನದು," ಎಂದಳು ಅವಳು.

ಎರಡು ದಿನ ಹಿಡಿಯಿತು. ನಾಲ್ಕೈದು ಜಾಗಕ್ಕೊಮ್ಮೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದಳು. ನಾನು ಹಿಂದೆಯೇ ಹಲಗೆಯಿಂದ ಒತ್ತುತ್ತ, ಹಳೆಯ ಸೊಳ್ಳೆಪರದೆ ಕತ್ತರಿಸಿ ಗುಬ್ಬಿ ಬಾರದಂತೆ ಹೊದಿಸುತ್ತ ಹೋದೆ. ಹದಿನೆಂಟು ಮುಗಿದವು. ಮೆಟ್ಟಿಲಿನ ಪಕ್ಕದ್ದೊಂದು ಉಳಿಯಿತು.

"ಅದು ಬೇಡ," ಎಂದಳು.

"ಯಾಕೆ? ಬೀಜ ಇದೆಯಲ್ಲ. ಎಲ್ಲ ಚಿಗುರಿದ್ರೆ ಅವರಿಗೆ ಗೊತ್ತೇ ಆಗೋದಿಲ್ಲ."

"ಗೊತ್ತಾಗ್ಲಿ. ನಮಗೋಸ್ಕರ... ತಮ್ಮ ಕಣ್ಣನ್ನೇ ಕಡೆಗಣಿಸಿದವರಿಗೆ... ಕಣ್ಣುಕಟ್ಟು ಮಾಡ್ತೀರಾ? ನೀವೇ ಹೇಳಿ. ಇಲ್ಲಾಂದ್ರೆ ನಾನು... ಹೇಳ್ತೀನಿ."

ಅವಳು ಹೇಳಲು ಹೊರಟರೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತೂ ನಾನು ತಲೆ ತಗ್ಗಿಸಿ ನಿಲ್ಲಬೇಕು. ಒಪ್ಪಿಕೊಂಡೆ.

ಎಂಟನೆಯ ದಿನ ಮೊದಲ ಮೊಳಕೆ ಕಂಡಿತು. ಸೂಜಿಯಂಥ ಎಳೆಗಳು, ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು. ನಾನು ದಿನಕ್ಕೆ ಮೂರು ಸಲ ಮಂಡಿಯೂರಿ ಹೂಜಿಯಿಂದ ಚಿಮುಕಿಸಿದೆ. ಹದಿನೇಳನೆಯ ದಿನಕ್ಕೆ ಹದಿನೆಂಟೂ ಜಾಗದಲ್ಲಿ ಬೆರಳುದ್ದ ಹುಲ್ಲು ಬಂದಿತ್ತು. ಹಳೆಯದಕ್ಕಿಂತ ತಿಳಿ ಹಸಿರು. ಮಂಜುಗಣ್ಣಿಗೆ ಇದು ಕಾಣುತ್ತಿರಲಿಲ್ಲ. ಆದರೆ ಈಗ ಬರುತ್ತಿರುವುದು ಹೊಸ ಕಣ್ಣು.

ಆ ಸಂಜೆ ಸಿಸ್ಟರಕ್ಕ ಬಂದರು. ಗೇಟಿನಲ್ಲೇ ನಿಂತು ಕಪ್ಪು ಕನ್ನಡಕ ತೆಗೆದರು. "ಅಯ್ಯೋ, ನಿಮ್ಮ ಗೋಡೆ ನೀಲಿನಾ? ಇಷ್ಟು ದಿನ ಬೂದಿ ಬಣ್ಣ ಅಂದ್ಕೊಂಡಿದ್ದೆ!" ನನ್ನ ಕಡೆ ತಿರುಗಿದರು. "ಅಣ್ಣ, ಮುಖದಲ್ಲಿ ಇಷ್ಟೊಂದು ಸುಕ್ಕು ಯಾವಾಗ ಮಾಡ್ಕೊಂಡ್ರಿ?"

"ಈ ಆರು ವಾರದಲ್ಲಿ," ಎಂದೆ. ಸುಳ್ಳಲ್ಲ.

ಅವರ ಕಣ್ಣು ಲಾನಿನ ಮೇಲೆ ಹೋಯಿತು. ಅಲ್ಲಿಯೇ ನಿಂತಿತು. ಒಂದು ತಿಳಿ ಹಸಿರು ವೃತ್ತದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಕೊನೆಗೆ ಮೆಟ್ಟಿಲ ಪಕ್ಕದ ಬೋಳು ಜಾಗಕ್ಕೆ ಬಂತು. ಈ ಹುಲ್ಲನ್ನು ಅವರು ಬರೀ ಮಣ್ಣಿನಿಂದ ಎಬ್ಬಿಸಿದ್ದು, ತಮ್ಮ ಕೈಯಾರೆ. ಇನ್ನು ಮೇಲೆ ನನ್ನನ್ನು ನಂಬಿ ಒಂದು ಹೂಕುಂಡವನ್ನೂ ಬಿಟ್ಟು ಹೋಗಲಾರರು ಎನಿಸಿತು. ಆ ಗಿಡ್ಡ ಗೇಟಿಗೆ ಬೀಗ ಬಿದ್ದರೂ ಕೇಳುವ ಬಾಯಿ ನನಗಿರಲಿಲ್ಲ.

"ನಾನೇ ಸುಟ್ಟೆ," ಎಂದೆ. "ಗೊಬ್ಬರ ಹಾಕ್ದೆ. ಉಪ್ಪು ಹಾಕಿದ ಹಾಗೆ, ಹಿಡಿಹಿಡಿಯಾಗಿ. ನೀವು ಬೇಡ ಅಂದಿದ್ರಿ. ಹತ್ತೊಂಬತ್ತು ಕಡೆ ಸುಟ್ಟೋಯ್ತು."

ಅವರು ಹತ್ತಿರದ ವೃತ್ತದ ಬಳಿ ಹೋಗಿ ಬಗ್ಗಿದರು. ಎಳೆ ಹುಲ್ಲಿನ ಮೇಲೆ ಅಂಗೈ ಆಡಿಸಿದರು. ಕಣ್ಣು ಬಂದರೂ ಬೆರಳಿನಲ್ಲಿ ನೋಡುವ ಅಭ್ಯಾಸ ಹೋಗಿರಲಿಲ್ಲ.

"ಇದನ್ನ ಬಿತ್ತಿದ್ದು ನೀವಲ್ಲ," ಎಂದರು.

"ಅಲ್ಲ."

"ಎಷ್ಟು ಸಮನಾಗಿದೆ. ಯಾರನ್ನ ಕರೆಸಿದ್ರಿ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕೋಲೂರಿಕೊಂಡು ಮೆಟ್ಟಿಲ ಪಕ್ಕಕ್ಕೆ ನಡೆದಳು, ಎಂಟು ಹೆಜ್ಜೆ, ಈ ಸಲ ನಲ್ಲಿಯ ಕಡೆಯಿಂದ. ಇವಳು ಹೇಳಿದ್ದಕ್ಕೆ ಅಲ್ಲಿನ ಮಣ್ಣನ್ನು ನಾನು ಬೆಳಿಗ್ಗೆಯೇ ಹದ ಮಾಡಿಟ್ಟಿದ್ದೆ. ಶಾಲು ಸರಿಯಿತು, ಬಲಗೈ ಹೊರಗೆ ಬಂತು. ನಾನು ಬೀಜ ಸುರಿದೆ. ಅವಳು ಬೆರಳು ಬಿಡಿಸಿದಳು.

ಸಿಸ್ಟರಕ್ಕ ನಿಂತಲ್ಲೇ ನಿಂತು ನೋಡಿದರು. ಸಂಜೆಯ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು, ಉದುರುವ ಒಂದೊಂದು ಬೀಜವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಎರಡು ವರ್ಷ ಅವರು ತಿದ್ದಿದ ಕೈ ಅದು. ಕಾಳಿನ ತಟ್ಟೆ ಎಸೆದ ಕೈ. ಅವರು ಅದನ್ನು ಇಷ್ಟು ಸ್ಪಷ್ಟವಾಗಿ ನೋಡಿದ್ದು ಅದೇ ಮೊದಲು.

"ಯಾವ ಕೈ ಅತ್ತಿಗೆ ಅದು?" ಎಂದರು. ಕಾಣುತ್ತಲೇ ಇತ್ತು. ಆದರೂ ಕೇಳಿದರು.

"ಬಲಗೈ," ಎಂದಳು ನನ್ನ ಹೆಂಡತಿ. "ನಿಮ್ದು."

ಸಿಸ್ಟರಕ್ಕ ಬಂದು ಆ ಕೈಯನ್ನು ಬೀಜ ಸಮೇತ ಹಿಡಿದುಕೊಂಡರು. ಹೊಸ ಕಣ್ಣುಗಳಿಂದ ನೀರು ಇಳಿಯಿತು. ಕಣ್ಣಿಗೆ ಆಗದು, ಒರೆಸಿಕೊಳ್ಳಿ ಎನ್ನಲು ಹೋದ ನನಗೆ ಬೇರೆಯದೇ ಮಾತು ಬಾಯಿಗೆ ಬಂತು. ಎರಡು ವರ್ಷದಿಂದ ತಿಂಡಿಯ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಿದ್ದ ಮಾತು.

"ನೀವಿಲ್ದೇ ಇದ್ದಿದ್ರೆ ಇವಳು ನನಗೆ ಉಳೀತಿರಲಿಲ್ಲ, ತಾಯಿ," ಎಂದೆ. "ನಿಮ್ಮ ಕಣ್ಣು ಪಕ್ಕಕ್ಕಿಟ್ಟು ಇವಳನ್ನ ನೋಡ್ಕೊಂಡ್ರಿ. ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ. ಇಷ್ಟು ದಿನ ಬಾಯಿ ಬಿಟ್ಟು ಹೇಳಿರಲಿಲ್ಲ, ಅದನ್ನೂ ಕ್ಷಮಿಸಿ."

ಅವರು ಮೂಗು ಒರೆಸಿಕೊಂಡು, "ಹುಲ್ಲು ಸುಟ್ಟಿದ್ದಕ್ಕೆ ಒಂದು ಕ್ಷಮೆ, ಇದಕ್ಕೊಂದು. ಎಷ್ಟು ಕೊಡೋದು ನಿಮಗೆ?" ಎಂದರು. ನಗುತ್ತಿದ್ದರು, ಅಳುತ್ತಲೂ ಇದ್ದರು. ಹೆಂಡತಿಯ ಬೆರಳಿಗೆ ಅಂಟಿದ್ದ ಕೊನೆಯ ಬೀಜಗಳನ್ನು ಅವರೇ ಒಂದೊಂದಾಗಿ ಬಿಡಿಸಿ ಮಣ್ಣಿಗೆ ಬಿಟ್ಟರು. ನಾನು ಹಲಗೆಯಿಂದ ಒತ್ತಿದೆ, ಪರದೆ ಹೊದಿಸಿದೆ. ಗೇಟು ತೆರೆದೇ ಇತ್ತು.

ನಾನು ಹೂಜಿ ಎತ್ತಿಕೊಂಡೆ. ಸಿಸ್ಟರಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ನೀರು ನಾನು ಹಾಕ್ತೀನಣ್ಣ. ನೀವು ಹೋಗಿ ಚಹಾಕ್ಕೆ ಇಡಿ. ಸಕ್ಕರೆ ಚಮಚದಲ್ಲಿ ಹಾಕಿ."