ಮಾಯಪ್ಪನ ಚಪ್ಪಲಿ

“ಯಾವ ಸೂಳಿಮಗ ಸ್ವಿಚ್ಚಿಗೆ ಚಪ್ಪಲಿ ಹಾಕ್ಯಾನ? ಪೂಜಿ ಐತಿ ಅನ್ನೂದು ಗೊತ್ತಿಲ್ಲೇನು?”

ಸುಪರ್‌ವೈಸರ್ ಗೌರೀಶನ ಗಂಟಲು ಶೆಡ್ಡಿನ ತಗಡಿಗೆ ಬಡಿದು ಬಂತು. ಮುಖಕ್ಕೆ ಹಚ್ಚುವ ಕ್ರೀಮಿಗಾಗಿ ಎಣ್ಣೆಯನ್ನೂ ನೀರನ್ನೂ ಒಂದು ಮಾಡುವ ಆಳೆತ್ತರದ ಮಿಕ್ಸರ್ ಟ್ಯಾಂಕಿಗೆ ಆಯುಧಪೂಜೆಯ ಬಾಳೆಕಂದು ಕಟ್ಟಿದ್ದರು. ಭಟ್ಟರು ಚಪ್ಪಲಿ ಕಂಡು ದೂರ ಸರಿದರು.

“ನಾನ ಹಾಕೀನ್ರಿ,” ಎಂದಳು ಭರಮವ್ವ. “ಪೂಜಿಗಿಂತ ಮದ್ಲ ಟ್ಯಾಂಕ್ ತೊಳಿ ಅಂದ್ರಲ್ರಿ. ಒಳಗ ಇಳೀಬೇಕು.”

ಅಲ್ಲಿನ ಕಟ್ಟಳೆಯೇ ಅದು. ಅಂಟಿದ್ದನ್ನು ಕೆರೆಯಲು ಒಳಗೆ ಇಳಿಯುವವರು ಚಪ್ಪಲಿಯನ್ನು ಸ್ವಿಚ್ಚಿನ ಹಿಡಿಕೆಗೆ ತೂಗುಹಾಕುತ್ತಾರೆ. ಅದು ಇರುವವರೆಗೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಏಣಿ ಅಡ್ಡವಾಗುತ್ತದೆಂದು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಕೆಲಸ ಮುಗಿದು ಒಳಗಿನಿಂದ ಮೂರು ಸಲ ಬಡಿದರೆ ಮತ್ತೆ ಏಣಿ ಬಿಡುತ್ತಾರೆ.

ಹೋದ ವರ್ಷ ಇದೇ ಪೂಜೆಯ ದಿನ ಅವಳ ಗಂಡ ಮಾಯಪ್ಪ ಒಳಗಿದ್ದ. ಮೈಲಿಗೆ ಎಂದು ಯಾರೋ ಅವನ ಚಪ್ಪಲಿ ತೆಗೆದೆಸೆದರು. ಮಂಗಳಾರತಿಗೆ ಮಿಕ್ಸರು ತಿರುಗಿತು. ಕುಡಿದು ಬಿದ್ದು ಸತ್ತ ಎಂದು ಕಾರ್ಖಾನೆಯವರು ಬರೆದರು. ಹನಿ ಮುಟ್ಟಿದವನಲ್ಲ ಅವನು! ಗುಂಜಿ ಊರಿನ ಅವಳ ಮನೆಗೆ ಬಂದದ್ದು ಪ್ಲಾಸ್ಟಿಕ್ ಚೀಲದಲ್ಲಿ ಅವನ ಚಪ್ಪಲಿ, ಜೊತೆಗೆ ಅವನದೇ ಕೆಲಸ. ಮರುವಾರವೇ ಅದೇ ಟ್ಯಾಂಕಿನ ಕ್ರೀಮು ಬೆಳಗಾವಿಯ ಟಿಳಕವಾಡಿಯ ಅಂಗಡಿಗಳಿಗೆ ಹೋಯಿತು. ಆ ಡಬ್ಬಿ ಕಂಡರೆ ಭರಮವ್ವ ಈಗಲೂ ಮುಖ ತಿರುಗಿಸುತ್ತಾಳೆ. ಮಿಕ್ಸರು ನಿಂತಾಗಲೆಲ್ಲ ಅವಳಿಗೊಬ್ಬಳಿಗೇ ಆ ಮೂರು ಬಡಿತ ಕೇಳುತ್ತವೆ. ಬೆಳಗಾವಿಗೆ ಬರುವ ರೈಲಿನಲ್ಲೂ, ಒಲೆಯ ಮುಂದೆ ಕೂತಾಗಲೂ.

“ತಗೀ ಅವನ್ನ,” ಎಂದ ಗೌರೀಶ. “ನಾ ಇಲ್ಲೇ ನಿಂದ್ರತೀನಿ, ಯಾಂವ ಚಾಲೂ ಮಾಡ್ತಾನ ನೋಡೂಣು.”

“ಹೋದ ಸಲಾನೂ ನೀವ ನಿಂತಿದ್ರಿ, ಸಾಹೇಬ್ರ.”

“ಏ ರಂಡಿ, ಕೆಲಸಾ ಬ್ಯಾಡಾತೇನು ನಿನಗ?”

“ಬೇಕ್ರಿ. ಚಪ್ಪಲಿ ಮಾತ್ರ ನೀವ ತಗೀರಿ. ನಿಮ್ಮ ಕೈಯಾರೆ, ಎಲ್ಲಾರ ಮುಂದ.”

ಗೌರೀಶ ಕೈ ಚಾಚಿದ. ಹರಿದ ಎಡಗಾಲಿನದಕ್ಕೆ ಮಾಯಪ್ಪ ಕಟ್ಟಿದ್ದ ತಂತಿ ಹಾಗೇ ಇತ್ತು. ಯಾರ ಚಪ್ಪಲಿ ಎಂದು ಆಗ ಗುರುತು ಹತ್ತಿತು; ಕೈ ಅಲ್ಲೇ ನಿಂತಿತು.

ಮಾಯಪ್ಪನ ಜೋಡಿ ಆಳು ಲಕ್ಷ್ಮಪ್ಪ ವರ್ಷವಿಡೀ ತುಟಿ ಬಿಚ್ಚಿದವನಲ್ಲ. ಈಗ ತನ್ನ ಚಪ್ಪಲಿ ತಂದು ಅದರ ಪಕ್ಕ ತೂಗುಹಾಕಿದ.

“ಹೋದ ವರ್ಷ ಇವ್ರ ತಗದ್ರು, ವೈನಿ. ನಾ ನೋಡೀನಿ.”

ಟ್ಯಾಂಕಿನೊಳಗೆ ಬಡಿದ ಸದ್ದಾಯಿತು. ಒಂದು, ಎರಡು, ಮೂರು. ಈ ಸಲ ಎಲ್ಲರಿಗೂ ಕೇಳಿಸಿತು. ಒಳಗೆ ಇನ್ನೂ ಯಾರೂ ಇಳಿದಿರಲಿಲ್ಲ.

ಭರಮವ್ವ ಏಣಿ ಎತ್ತಿ ಒಳಗೆ ಬಿಟ್ಟಳು.