ಇಜುಮೊದಲ್ಲಿ ನಾಲ್ಕು ಚಪ್ಪಾಳೆ

"ಅಪ್ಪನ ಆಸೆ ಇತ್ತು ಅಂತ ಹೇಳಿಬಿಡಮ್ಮ. ಒಂದೇ ಸೆಂಟೆನ್ಸ್. ಎಲ್ಲರೂ ಸುಮ್ಮನಾಗ್ತಾರೆ," ಎಂದ ಸಮರ್ಥ.

ಪದ್ಮ ಇನ್ನೂ ಬೂಟು ಬಿಚ್ಚಿರಲಿಲ್ಲ. ಡೆಟ್ರಾಯಿಟ್ ಬಳಿಯ ವೆಸ್ಟ್ ಬ್ಲೂಮ್‌ಫೀಲ್ಡಿನ ತನ್ನ ಮನೆಯಿಂದ ನೇಪರ್‌ವಿಲ್‌ನ ಮಗನ ಮನೆಗೆ ಮುನ್ನೂರು ಮೈಲಿ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ಮಗ ಅವಳನ್ನು ಗ್ಯಾರೇಜಿನ ಬಾಗಿಲಲ್ಲೇ ತಡೆದು ನಿಲ್ಲಿಸಿದ್ದ. ಒಳಗೆ ಭಾವ ದ್ವಾರಕಾನಾಥರೂ ಓರಗಿತ್ತಿ ಸರೋಜಳೂ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಿಂದ ಬಂದು ಕೂತಾಗಿತ್ತು.

"ನಿಮ್ಮಪ್ಪನಿಗೆ ಕೋಟೆ ನೋಡೋದು ಅಂದ್ರೆ ಆಗ್ತಿತ್ತೇನೋ?"

"ಅದು ಬೇರೆ ವಿಷಯ."

"ಅದೇ ವಿಷಯ," ಎಂದು ಪದ್ಮ ಬೂಟು ಬಿಚ್ಚಿ ಗೋಡೆಗೆ ಒರಗಿಸಿ ಇಟ್ಟಳು.

ಅವಳ ಗಂಡ ರಮೇಶ ತೀರಿಕೊಂಡದ್ದು ಹಿಂದಿನ ಮಾರ್ಚ್‌ನಲ್ಲಿ. ಮೊದಲ ವರ್ಷದ ತಿಥಿಗೆ ಇನ್ನು ಎರಡು ವಾರ ಉಳಿದಿತ್ತು. ಅದು ಸಮರ್ಥನ ಮನೆಯಲ್ಲೇ ನಡೆಯುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ದ್ವಾರಕಾನಾಥರು ಒಂದು ಮಾತು ಹೇಳಿ ಕಳಿಸಿದ್ದರು. ವರ್ಷದೊಳಗೆ ಜಪಾನಿನ ಕ್ಷೇತ್ರಕ್ಕೆ ಹೋಗಿ ಬಂದವಳು ತಪ್ಪಾಯಿತೆಂದು ಒಪ್ಪಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು, ಇಲ್ಲವಾದರೆ ಆ ದಿನ ಕರ್ಮ ನಡೆಯುವ ಕೋಣೆಯಲ್ಲಿ ಕೂರಬಾರದು. ಪದ್ಮಳಿಗೆ ಬೇಕಾಗಿದ್ದುದು ಆ ಕೋಣೆಯಲ್ಲಿ ಒಂದು ಜಾಗ. ಮೂವತ್ತೆಂಟು ವರ್ಷ ಜೊತೆಗೆ ಬಾಳಿದವನ ಹೆಸರು ಹೇಳಿ ಪಿಂಡ ಇಡುವಾಗ ಅವಳು ಅಡುಗೆಮನೆಯ ಆಚೆ ನಿಂತು ಕೇಳಿಸಿಕೊಳ್ಳಲು ತಯಾರಿರಲಿಲ್ಲ. ಆ ಜಾಗ ಸುಲಭವಾಗಿ ಸಿಗುವ ದಾರಿಯನ್ನು ಮಗ ಹುಡುಕಿದ್ದ. ಹೋದದ್ದು ಅಪ್ಪನ ಆಸೆಯಂತೆ ಎಂಬ ಒಂದು ಸುಳ್ಳು ಸಾಕಿತ್ತು.

ವಿಷಯ ಹೊರಬಿದ್ದದ್ದು ಅವಳಿಂದಲೇ. ಸಂಕ್ರಾಂತಿಯ ದಿನ ವಾಟ್ಸಾಪಿನ ಮನೆಯವರ ಗುಂಪಿನಲ್ಲಿ ಎಲ್ಲರೂ ಎಳ್ಳು ಬೆಲ್ಲದ ತಟ್ಟೆಯ ಫೋಟೋ ಹಾಕುತ್ತಿದ್ದರು. ಅವಳ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಶುಭಾಶಯ ಹೇಳುವಂತೆಯೂ ಇಲ್ಲ. ಸುಮ್ಮನೆ ಕೂತು ನೋಡಿ ನೋಡಿ ಸಾಕಾಗಿ, ಅವಳು ನವೆಂಬರ್ ಕೊನೆಯಲ್ಲಿ ಜಪಾನಿನಲ್ಲಿ ತೆಗೆದ ಎರಡು ಫೋಟೋ ಹಾಕಿದಳು. ಒಂದರಲ್ಲಿ ಮಾತ್ಸುಎ ಎಂಬ ಊರಿನ ಕಪ್ಪು ಕೋಟೆ, ಇನ್ನೊಂದರಲ್ಲಿ ಇಜುಮೊ ದೇವಾಲಯದ ಮುಂದೆ ಕೆಂಪು ಕೋಟು ತೊಟ್ಟ ಅವಳೇ. ಹತ್ತು ನಿಮಿಷ ಗುಂಪಿನಲ್ಲಿ ಯಾರೂ ಎಳ್ಳು ಬೀರಲಿಲ್ಲ.

ಅವಳು ಒಳಗೆ ಬಂದಾಗ ದ್ವಾರಕಾನಾಥರು ಸೋಫಾದಿಂದ ಎದ್ದು ನಿಂತರು. ಎಪ್ಪತ್ತಾರು ವರ್ಷ ವಯಸ್ಸಾದರೂ ಮನೆಗೆ ಬಂದವರಿಗೆ ಎದ್ದು ನಿಲ್ಲುವುದನ್ನು ಬಿಟ್ಟವರಲ್ಲ.

"ರಸ್ತೆ ಹೇಗಿತ್ತಮ್ಮ?"

"ಕಲಮಜೂ ತನಕ ಸ್ನೋ ಇತ್ತು ಭಾವ. ಆಮೇಲೆ ಕ್ಲಿಯರ್."

"ಸೇತುವೆ ಮೇಲೆ ಬ್ರೇಕ್ ಒತ್ತಲಿಲ್ಲ ತಾನೆ?"

"ಇಲ್ಲ. ನೀವು ಹೇಳಿಕೊಟ್ಟದ್ದು ಮರೆತಿಲ್ಲ."

ಅದು ನಿಜ. ಅವಳು ಮೈಸೂರಿನಿಂದ ಬಂದ ಮೊದಲ ಚಳಿಗಾಲದಲ್ಲಿ ಹಿಮದ ಮೇಲೆ ಕಾರು ಓಡಿಸುವುದನ್ನು ಕಲಿಸಿದವರು ದ್ವಾರಕಾನಾಥರೇ. ರಮೇಶನಿಗೆ ತಾಳ್ಮೆ ಇರಲಿಲ್ಲ. ಹಾಗಾಗಿಯೇ ಈ ಮನುಷ್ಯನ ಮುಂದೆ ಎದೆ ಕೊಟ್ಟು ನಿಲ್ಲುವುದು ಅವಳಿಗೆ ಹಗುರವಾಗಿರಲಿಲ್ಲ.

ಸೊಸೆ ಲತಾಶ್ರೀ ಕಾಫಿ ತಂದಿಟ್ಟಳು. ದ್ವಾರಕಾನಾಥರು ಲೋಟ ಮುಟ್ಟಲಿಲ್ಲ.

"ಶೇಷಾದ್ರಿ ಭಟ್ಟರನ್ನ ಕೇಳಿದೆ ಪದ್ಮ. ದೊಡ್ಡದೇನೂ ಅಲ್ಲ. ಹಿಂದಿನ ದಿನ ಸ್ನಾನ ಮಾಡಿ ಪಂಚಗವ್ಯ ತೊಗೊಂಡು, ತಿಳೀದೆ ಆಯ್ತು ಅಂತ ಹೇಳಿದ್ರೆ ಮುಗೀತು."

"ತಿಳಿದೇ ಹೋಗಿದ್ದೆ."

ಸಮರ್ಥ ಮಧ್ಯೆ ಬಂದ. "ದೊಡ್ಡಪ್ಪ, ಅಪ್ಪ ಕೆಲಸದ ಮೇಲೆ ಎಷ್ಟು ಸಲ ಜಪಾನ್‌ಗೆ ಹೋಗಿದ್ರು ನಿಮಗೇ ಗೊತ್ತು. ಅಲ್ಲಿನ ಕೋಟೆ, ದೇವಸ್ಥಾನ ಅಮ್ಮಂಗೆ ತೋರಿಸಬೇಕು ಅಂತ ಅವರಿಗೊಂದು ಆಸೆ..."

"ಇರಲಿಲ್ಲ," ಎಂದಳು ಪದ್ಮ.

ಸಮರ್ಥ ಕಣ್ಣು ಮುಚ್ಚಿಕೊಂಡ.

"ಇರಲಿಲ್ಲ ಭಾವ. ಇವರು ಗೇರ್‌ಬಾಕ್ಸ್ ನೋಡೋಕೆ ಹೋಗ್ತಿದ್ರು. ಹೋಟೆಲು, ಪ್ಲಾಂಟು, ಏರ್‌ಪೋರ್ಟು. ಒಂದ್ಸಲ ನಗೋಯಾದಿಂದ ಫೋನ್ ಮಾಡಿ, ಕಿಟಕೀಲಿ ಕೋಟೆ ಕಾಣುತ್ತೆ ಕಣೇ ಅಂದ್ರು. ಹೋಗಿ ನೋಡಿದ್ರಾ ಅಂದೆ. ಬೆಳಕು ಕಣ್ಣಿಗೆ ಹೊಡೀತಿತ್ತು, ಪರದೆ ಎಳೆದೆ ಅಂದ್ರು."

ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದ್ವಾರಕಾನಾಥರ ಮೀಸೆಯೂ ಒಂದು ಕ್ಷಣ ಅಲುಗಿತು. ಅದು ಅವರ ತಮ್ಮನ ಮಾತೇ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಆಸೆ ನಂದು. ನಾನು ಹೋದೆ."

"ಥ್ಯಾಂಕ್ಸ್‌ಗಿವಿಂಗ್‌ಗೆ ಎಲ್ಲರೂ ಇಲ್ಲಿ ಸೇರಿದ್ವಿ. ನಮಗೊಂದು ಮಾತು ಹೇಳಬಾರದಾಗಿತ್ತಾ?"

"ಊರಲ್ಲಿರೋದಿಲ್ಲ ಅಂತ ಹೇಳಿದ್ದೆ. ಯಾವ ಊರಿಗೆ ಅಂತ ಯಾರೂ ಕೇಳಲಿಲ್ಲ."

ಪದ್ಮ ಮೂವತ್ತು ವರ್ಷ ಡೆಟ್ರಾಯಿಟ್ ಕಡೆಯ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್ ಆಗಿ ಕೆಲಸ ಮಾಡಿದವಳು. ಸ್ಲೈಡಿನ ಮೇಲೆ ಕಂಡದ್ದನ್ನು ಬರೆಯುವುದು, ಕಾಣದ್ದನ್ನು ಬರೆಯದಿರುವುದು ಅವಳ ವೃತ್ತಿ. ಮನೆಯವರ ಸಮಾಧಾನಕ್ಕೆಂದು ವರದಿ ತಿದ್ದಿಕೊಡಿ ಎಂದು ಎಷ್ಟೋ ಜನ ಕೇಳಿದ್ದರು. ಅವರಿಗೂ ಅವಳು ಕೊಟ್ಟಿದ್ದು ಇಂಥದೇ ಉತ್ತರ.

ಸರೋಜ ನಿಧಾನವಾಗಿ ಕೇಳಿದಳು. "ಆ ಕರೀ ಕೋಟೆ... ಒಳಗೂ ಹೋಗಬಹುದೇನೆ?"

"ಸರೋಜ," ಎಂದರು ದ್ವಾರಕಾನಾಥರು.

"ಕೇಳೋದ್ರಲ್ಲೇನಿದೆ? ಅವಳು ಹೋಗಿ ಬಂದಾಯ್ತು. ನಾನು ಕೇಳದಿದ್ರೆ ವಾಪಸ್ ಆಗುತ್ತಾ?"

ಲತಾಶ್ರೀ ಅತ್ತೆಯ ಫೋನು ತೆಗೆದುಕೊಂಡು ಫೋಟೋಗಳನ್ನು ಟೀವಿಯ ಮೇಲೆ ಹಾಕಿದಳು. ಸಮರ್ಥ ಹೆಂಡತಿಯನ್ನು ನೋಡಿದ. ಅವಳು ರಿಮೋಟನ್ನು ನೋಡಿಕೊಂಡಳು.

ಕಲ್ಲಿನ ತಳಪಾಯದ ಮೇಲೆ ಕಪ್ಪು ಹಲಗೆಯ ಗೋಡೆಗಳ ಕೋಟೆ ಟೀವಿಯಗಲ ಎದ್ದು ನಿಂತಿತು. ಕಟ್ಟಿ ಮುಗಿಸಿದ್ದು ಸಾವಿರದ ಆರುನೂರ ಹನ್ನೊಂದರಲ್ಲಿ, ಎಂದಳು ಪದ್ಮ. ಬಹಳಷ್ಟು ಕೋಟೆಗಳನ್ನು ಈಚೆಗೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ್ದಾರೆ, ಇದು ಹಾಗಲ್ಲ, ಮರ ಹಳೆಯದೇ. ಬಾಗಿಲಲ್ಲಿ ಪಾದರಕ್ಷೆ ಬಿಡಬೇಕು. ಒಳಗೇ ಒಂದು ಬಾವಿ ಇದೆ. ಮುಂದಿನ ಫೋಟೋದಲ್ಲಿ ಮರದ ಮೆಟ್ಟಿಲು ನೆಟ್ಟಗೆ ಮೇಲಕ್ಕೆ ಹೋಗಿತ್ತು.

"ಅಯ್ಯೋ, ನಂಜನಗೂಡಿನ ಮನೆ ಅಟ್ಟದ ಏಣಿ ಥರಾನೇ ಇದೆಯಲ್ಲೇ," ಎಂದಳು ಸರೋಜ. "ನಿನ್ನ ಮಂಡಿ?"

"ನೋವಿತ್ತು. ಹತ್ತಿದೆ. ಹಗುರ ಮರ ಅಕ್ಕ ಅದು. ಶತ್ರು ಕೆಳಗಡೆ ನುಗ್ಗಿದ್ರೆ ಮೇಲಿನವರು ಮೆಟ್ಟಿಲನ್ನೇ ಎಳ್ಕೊಂಡುಬಿಡೋಕೆ ಅಂತ."

ಹಾಗೆ ಹೇಳುವಾಗ ಅವಳ ಕಣ್ಣು ಮಗನ ಮೇಲಿತ್ತು. ಸಮರ್ಥ ತಲೆ ತಗ್ಗಿಸಿದ.

ಮುಂದಿನದು ಕೋಟೆಯ ಸುತ್ತಿನ ಕಂದಕದಲ್ಲಿ ಹೋಗುವ ದೋಣಿ. ತಗ್ಗಿನ ಸೇತುವೆ ಬಂದಾಗ ದೋಣಿಯ ಚಾವಣಿಯೇ ಕೆಳಗಿಳಿಯುತ್ತದೆ, ಕೂತವರೆಲ್ಲ ತಲೆ ಬಗ್ಗಿಸಬೇಕು. ಫೋಟೋದಲ್ಲಿ ಪದ್ಮಳೂ ಸೇರಿ ಆರೇಳು ಜನ ನಗುತ್ತ ಮಂಡಿಗೆ ಹಣೆ ತಾಗಿಸಿದ್ದರು.

"ಇಲ್ಲಿ ಬಗ್ಗಿದೀಯಲ್ಲ," ಎಂದರು ದ್ವಾರಕಾನಾಥರು. ಅವರೂ ನೋಡುತ್ತಿದ್ದರು ಎಂಬುದು ಆಗ ಗೊತ್ತಾಯಿತು.

"ಬಗ್ಗದಿದ್ರೆ ತಲೆ ಒಡೆಯುತ್ತೆ ಭಾವ. ಅಲ್ಲಿ ಸೇತುವೆ ಇತ್ತು. ಇಲ್ಲಿ ಏನಿದೆ ತೋರಿಸಿ, ಬಗ್ತೀನಿ."

"ಕೋಟೆಗೆ ನನ್ನ ತಕರಾರಿಲ್ಲ," ಎಂದು ಅವರು ಮುಂದಕ್ಕೆ ಬಾಗಿ ಕೂತರು. "ಕೋಟೆ ನೋಡು, ಮ್ಯೂಸಿಯಂ ನೋಡು. ವರ್ಷದೊಳಗೆ ದೇವರ ಬಾಗಿಲು ಯಾಕೆ ದಾಟಿದೆ? ಅದನ್ನು ಹೇಳು."

"ವರ್ಷದೊಳಗೆ ಅಂದ್ರೆ ಕರ್ಮ ಹಿಡಿದ ಮಗನಿಗೂ ನಿಯಮ ಇದೆಯಲ್ಲ ಭಾವ. ಇವನು ಜೂನ್‌ನಲ್ಲಿ ಲಾಸ್ ವೇಗಸ್‌ಗೆ ಹೋಗಿದ್ದ."

"ಅಮ್ಮ, ಅದು ಕಾನ್ಫರೆನ್ಸ್."

"ಅಲ್ಲಿ ದೇವರಿರಲಿಲ್ಲ, ಅದಕ್ಕೆ ದೋಷವಿಲ್ಲ ಅಂತೀಯ. ಸರಿ. ನಾನು ಹೋದ ಕಡೆ ದೇವರಿದ್ದ, ಅದಕ್ಕೆ ಕೇಳಿಕೊಂಡೇ ಹೋದೆ."

"ಯಾರನ್ನ ಕೇಳಿದೆ?" ಎಂದರು ದ್ವಾರಕಾನಾಥರು.

"ಅಲ್ಲಿನವರನ್ನೇ."

ಅವಳು ಹೇಳಿದ್ದು ಹೀಗೆ. ದೇವಾಲಯದ ಹಾದಿಯ ಮೊದಲಿಗೆ ಎರಡು ಕಂಬ, ಮೇಲೆ ಅಡ್ಡ ತೊಲೆಯ ದೊಡ್ಡ ಹೆಬ್ಬಾಗಿಲು. ಅದರ ಮುಂದೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ನಂಬಿಕೆಯೋ ಅಭ್ಯಾಸವೋ ಅವಳಿಗೂ ತಿಳಿಯದು. ಇಳಿದುಕೊಂಡಿದ್ದ ವಸತಿಗೃಹದ ಒಡತಿ ಜೊತೆಗಿದ್ದಳು. ಪದ್ಮ ಫೋನಿನಲ್ಲಿ ಟೈಪ್ ಮಾಡಿ, ಜಪಾನಿ ಭಾಷೆಗೆ ತಿರುಗಿಸಿ ತೋರಿಸಿದಳು: ನನ್ನ ಮನೆಯಲ್ಲಿ ಸಾವಾಗಿದೆ, ನಾನು ಒಳಗೆ ಬರಬಹುದೆ? ಆ ಹೆಂಗಸಿಗೆ ಆಶ್ಚರ್ಯವೇ ಆಗಲಿಲ್ಲ. ಅವರಲ್ಲೂ ಸಾವಿನ ಮನೆಯವರು ಆ ಬಾಗಿಲು ದಾಟುವುದಿಲ್ಲವಂತೆ. ಯಾವಾಗ ಆಯಿತು ಎಂದು ಕೇಳಿದಳು. ಮಾರ್ಚ್ ಎಂದು ತಿಳಿದ ಮೇಲೆ ತಾನೂ ಟೈಪ್ ಮಾಡಿ ಫೋನು ಹಿಂದಕ್ಕೆ ಕೊಟ್ಟಳು. ಪರದೆಯ ಮೇಲೆ ಇಷ್ಟೇ ಇತ್ತು: ನಮ್ಮಲ್ಲಿ ಐವತ್ತು ದಿನ. ನೀವು ಬಹಳ ಕಾದಿದ್ದೀರಿ. ಬನ್ನಿ.



"ಅವರ ಲೆಕ್ಕ ಅವರಿಗೆ. ನಮ್ಮ ಲೆಕ್ಕ ನಮಗೆ," ಎಂದರು ದ್ವಾರಕಾನಾಥರು.

"ದೇವರು ಅವರದು ಭಾವ. ಯಾವ ಮನೆ ಬಾಗಿಲೋ ಆ ಮನೆಯವರ ನಿಯಮ. ನಮ್ಮ ಯಾವ ದೇವಸ್ಥಾನಕ್ಕೂ ನಾನು ಕಾಲಿಟ್ಟಿಲ್ಲ. ಟ್ರಾಯ್ ಗುಡಿಗೂ ಇಲ್ಲ, ನೋವೈ ಗುಡಿಗೂ ಇಲ್ಲ."

ಬೇಡವೆಂದರೂ ಮಾತು ತಾನಾಗಿ ಬಾಯಿಗೆ ಬಂದಂತೆ, "ಏನು ಮಾಡಿದೆ ಒಳಗೆ?" ಎಂದರು ದ್ವಾರಕಾನಾಥರು.

"ತಪ್ಪು ಮಾಡಿದೆ. ಅಭ್ಯಾಸಬಲ, ಪ್ರದಕ್ಷಿಣೆಗೆ ಹೊರಟೆ. ದೇವರನ್ನು ಬಲಕ್ಕಿಟ್ಟುಕೊಂಡು ಎಡಗಡೆಯಿಂದ. ಅವತ್ತು ಬಂದಿದ್ದ ಜನವೆಲ್ಲ ಬಲಗಡೆಯಿಂದ ಬರ್ತಿದ್ರು. ಒಬ್ಬಳೇ ಎದುರು ನಡೆದೆ. ಪಶ್ಚಿಮದ ಬದಿಗೆ ಬಂದರೆ ಅಲ್ಲಿ ಗೋಡೆಯ ಕಡೆ ತಿರುಗಿ ಕೈ ಮುಗಿದು ನಿಂತಿದಾರೆ. ಯಾಕೆ ಅಂದ್ರೆ, ಗುಡಿಯ ಬಾಗಿಲು ದಕ್ಷಿಣಕ್ಕೆ, ಒಳಗೆ ದೇವರು ಕೂತಿರೋದು ಪಶ್ಚಿಮಕ್ಕೆ. ಮುಂದೆ ನಿಂತವರಿಗೆ ಸಿಗೋದು ದೇವರ ಪಕ್ಕ. ಮುಖ ಬೇಕಾದ್ರೆ ಬದಿಗೆ ಬರಬೇಕು."

"ಪಶ್ಚಿಮಾಭಿಮುಖ," ಎಂದು ದ್ವಾರಕಾನಾಥರು ತಮ್ಮಷ್ಟಕ್ಕೆ ಹೇಳಿಕೊಂಡರು.

"ಹೂಂ. ಅಲ್ಲಿ ನಮಸ್ಕಾರಕ್ಕೂ ಒಂದು ಕ್ರಮ ಇದೆ. ಎರಡು ಸಲ ಬಗ್ಗಬೇಕು, ನಾಲ್ಕು ಚಪ್ಪಾಳೆ, ಮತ್ತೊಂದು ಸಲ ಬಗ್ಗಬೇಕು. ಬೇರೆ ಕಡೆಯೆಲ್ಲ ಎರಡೇ ಚಪ್ಪಾಳೆಯಂತೆ. ತಟ್ಟುವಾಗ ನನಗೆ ಅತ್ತೆ ನೆನಪಾದ್ರು. ನಿಮ್ಮಮ್ಮ."

ದ್ವಾರಕಾನಾಥರು ತಲೆ ಎತ್ತಿದರು.

"ಮದುವೆಯಾದ ವರ್ಷ ನಂಜನಗೂಡಲ್ಲಿ ಚಂಡಿಕೇಶ್ವರನ ಮುಂದೆ ನಿಲ್ಲಿಸಿ ಹೇಳಿಕೊಟ್ರು. ಮೆಲ್ಲಗೆ ಚಪ್ಪಾಳೆ ತಟ್ಟಿ ಅಂಗೈ ತೋರಿಸಬೇಕು. ಶಿವನ ಮನೆಯಿಂದ ಏನೂ ಒಯ್ತಾ ಇಲ್ಲ ಅಂತ ತೋರಿಸಿ ಹೊರಡಬೇಕು."

ಅವಳು ಎದ್ದು ನಿಂತಳು. ಮಂಡಿ ಕಟಕ್ ಎಂದಿತು. ಭಾವನ ಎದುರಿಗೆ, ಅವಸರವಿಲ್ಲದೆ, ನಾಲ್ಕು ಸಲ ಚಪ್ಪಾಳೆ ತಟ್ಟಿ ಎರಡು ಅಂಗೈಗಳನ್ನೂ ಅಗಲಿಸಿ ಹಿಡಿದಳು.

"ನಾನು ಯಾರದೂ ಏನೂ ತಂದಿಲ್ಲ ಭಾವ. ನಿಮ್ಮ ತಮ್ಮನಿಗೆ ಇಲ್ಲದ ಆಸೆಯನ್ನು ಅವರ ಹೆಸರಲ್ಲಿ ಹೇಳಿದ್ರೆ, ಅದು ಕದ್ದ ಹಾಗೆ. ಸತ್ತವರಿಂದ ಕದ್ದು, ಅವರ ತಿಥಿಯಲ್ಲೇ ಕೂರಲಾ? ಹೋದದ್ದು ನಾನು. ತಪ್ಪಾಯ್ತು ಅನ್ನೋಲ್ಲ. ಅವತ್ತು ಒಳಗೇ ಕೂತಿರ್ತೀನಿ."

ದ್ವಾರಕಾನಾಥರು ಆ ಅಂಗೈಗಳನ್ನು ನೋಡುತ್ತ ಕೂತಿದ್ದು, ಕೊನೆಗೆ ಪಕ್ಕದಲ್ಲಿದ್ದ ತಮ್ಮ ಕೋಟನ್ನು ಎತ್ತಿಕೊಂಡರು.

"ಹಾಗಾದ್ರೆ ನಾನು ಬರೋದು ಕಷ್ಟ ಆಗುತ್ತೆ ಸಮರ್ಥ. ಏನು ಮಾಡ್ತೀಯೋ ನೀನೇ ಹೇಳು. ಕರ್ತೃ ನೀನು."

ಸಮರ್ಥ ಟೀವಿಯ ಕಡೆ ನೋಡಿದ. ಅಲ್ಲಿ ದೋಣಿಯ ಚಾವಣಿಯ ಕೆಳಗೆ ಅವನ ತಾಯಿ ಮಂಡಿಗೆ ಹಣೆ ಹಚ್ಚಿ ನಗುತ್ತಿದ್ದಳು. ಈ ಒಂದು ವರ್ಷದಲ್ಲಿ ಅವಳು ನಕ್ಕದ್ದನ್ನು ಅವನು ನೋಡಿರಲಿಲ್ಲ. ಅವನ ದನಿ ಗಟ್ಟಿಯಾಗಿರಲಿಲ್ಲ, ಆದರೆ ತಡವರಿಸಲಿಲ್ಲ.

"ಅಮ್ಮ ಒಳಗೆ ಕೂರ್ತಾರೆ ದೊಡ್ಡಪ್ಪ. ನೀವೂ ಬರಬೇಕು."

"ನೋಡೋಣ," ಎಂದು ದ್ವಾರಕಾನಾಥರು ಎದ್ದರು. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು.

"ನಿಮ್ಮ ಎಲೆ ಹಾಕಿರ್ತೀವಿ ಭಾವ," ಎಂದಳು ಪದ್ಮ. "ಬರದಿದ್ರೆ ಹಾಗೇ ಇರುತ್ತೆ. ತೆಗೆಯೋಲ್ಲ."

ಅವರು ಬಾಗಿಲ ಕಡೆ ನಡೆದರು. ಹೊರಗೆ ಕಾರು ಸ್ಟಾರ್ಟ್ ಆಯಿತು. ಸರೋಜ ಮೆಟ್ಟಿಲ ಮೇಲೆ ಕೂತು ಬೂಟಿನ ಜಿಪ್ಪು ಎಳೆಯುತ್ತಿದ್ದಳು. ಅದು ಮೇಲೆ ಬರಲೊಲ್ಲದು. ಪದ್ಮ ಬಗ್ಗಿ ಎಳೆದುಕೊಟ್ಟಳು. ಹೊರಗಿನಿಂದ ಹಾರ್ನ್ ಕೇಳಿಸಿತು. ಸರೋಜ ಎದ್ದು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ತಿರುಗಿದಳು.

"ಆ ಏಣಿಗೆ ಪಕ್ಕದಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆಯೇನೆ?"

"ಇದೆ ಅಕ್ಕ. ಎರಡೂ ಕಡೆ."

ಇನ್ನೊಂದು ಸಲ ಹಾರ್ನ್ ಆಯಿತು.

"ಬಾರಿಸಲಿ ಬಿಡು," ಎಂದಳು ಸರೋಜ. "ಮೇಲೆ ಹತ್ತಿದ ಮೇಲೆ ಏನು ಕಾಣುತ್ತೆ, ಅದನ್ನ ಹೇಳು ಮೊದಲು."