ಅರಗು ಮೆತ್ತಿದ ಪೆನ್‌ಡ್ರೈವ್

"ಇನ್ನು ಮುಂದೆ ಒಂದು ಕಾಗದಕ್ಕೆ ಒಂದೇ ಕಚೇರಿ. ನಿಮ್ಮಿಂದ ಎರಡನೇ ಬಾಗಿಲು ತಟ್ಟಿಸಿದರೆ ನನ್ನ ಹೆಸರು ಉಮಾಮಹೇಶ್ವರ ಅಲ್ಲ!"

ಐದು ವರ್ಷದ ಹಿಂದೆ, ಎರಡು ಸಾವಿರದ ಎರಡರಲ್ಲಿ, ಕೊಪ್ಪದ ಒಂದು ಸಭಾಂಗಣದಲ್ಲಿ ಮೈಕು ಹಿಡಿದು ಆತ ಕೊಟ್ಟ ಮಾತು ಅದು. ಕೊಪ್ಪ, ಶೃಂಗೇರಿ, ಎಲ್ಲರೂ ಎನ್.ಆರ್. ಪುರ ಎಂದೇ ಕರೆಯುವ ನರಸಿಂಹರಾಜಪುರ, ಮೂರೂ ತಾಲ್ಲೂಕುಗಳಿಗೆ ಸೇರಿ ಒಂದು ಸಂಯುಕ್ತ ಸೇವಾ ಕೋಶ ಹುಟ್ಟಿದ ದಿನ. ಕೋಶದ ಕಾರ್ಯದರ್ಶಿ ಉಮಾಮಹೇಶ್ವರನಿಗೆ ಗಂಧದ ಹಾರ. ಬಸ್ಸಿನಲ್ಲಿ ತುಂಬಿಸಿ ತಂದ ಮಹಿಳಾ ಸಂಘದವರಿಗೆ ತಣ್ಣನೆಯ ಉಪ್ಪಿಟ್ಟು. ಎನ್.ಆರ್. ಪುರ ತಾಲ್ಲೂಕಿನ ಬಾಳೆಹೊನ್ನೂರಿನಿಂದ ಬಂದಿದ್ದ ನೀಲಾಂಬಿಕೆ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ್ದಳು. ಅದನ್ನು ನೆನೆದರೆ ಅವಳಿಗೆ ಈಗ ಮೈ ಉರಿಯುತ್ತದೆ.

ಗಂಡ ತೀರಿಕೊಂಡ ಮೇಲೆ ಅವಳು ಮಗಳು ಶರಣ್ಯಾಳನ್ನು ಕರೆದುಕೊಂಡು ಕೊಪ್ಪಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಶರಣ್ಯಾಗೆ ಶೃಂಗೇರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಉಚಿತ ಸೀಟು ಬಂದಿತ್ತು, ಹಾಸ್ಟೆಲ್ ಸಮೇತ. ಶುಕ್ರವಾರ ಸಂಜೆ ಐದರೊಳಗೆ ಆದಾಯ ಪ್ರಮಾಣಪತ್ರ ಕೊಡಬೇಕು, ಅಷ್ಟೇ. ಆದರೆ ಕೊಪ್ಪದಲ್ಲಿ ಪ್ರಮಾಣಪತ್ರ ಸಿಗಬೇಕಾದರೆ ರೇಷನ್ ಕಾರ್ಡು ಕೊಪ್ಪಕ್ಕೆ ಬರಬೇಕು. ಅದು ಬರಬೇಕಾದರೆ ಎನ್.ಆರ್. ಪುರದಲ್ಲಿ ತಾಯಿ ಮಗಳ ಹೆಸರು ಅಳಿಸಬೇಕು. ಸೋಮವಾರ ಹೋದಾಗ ಕೋಶದ ಅಲ್ಲಿನ ಶಾಖೆಯವರು ಎರಡೇ ನಿಮಿಷದಲ್ಲಿ ಅಳಿಸಿದರು. ಅಳಿಸುವುದೆಂದರೆ ಈ ಕೋಶದವರಿಗೆ ಎಲ್ಲಿಲ್ಲದ ಉತ್ಸಾಹ. ಸೇರಿಸುವುದಕ್ಕೆ ಮಾತ್ರ ಪೆನ್‌ಡ್ರೈವ್ ಬರಬೇಕಿತ್ತು.

ಮೂರು ಶಾಖೆಗಳ ಕಂಪ್ಯೂಟರುಗಳಿಗೆ ಒಂದಕ್ಕೊಂದು ಸಂಪರ್ಕವೇ ಇರಲಿಲ್ಲ. ಮುಖ್ಯ ಯಂತ್ರ ಯಾವ ತಾಲ್ಲೂಕಿನಲ್ಲಿರಬೇಕು ಎಂದು ಸಮನ್ವಯ ಸಮಿತಿ ಐದು ವರ್ಷದಿಂದ ಗೋಡಂಬಿ ತಿನ್ನುತ್ತ ಚರ್ಚಿಸುತ್ತಿತ್ತು. ತೀರ್ಮಾನವಾಗುವ ತನಕ ಮಾಹಿತಿಯೆಲ್ಲ ಜವಾನ ಬೂತಪ್ಪನ ಜೇಬಿನಲ್ಲಿ, ಬಸ್ಸಿನಲ್ಲಿ ಓಡಾಡುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ, ನೀಲಾಂಬಿಕೆ ಕಾದು ಕೂತಿದ್ದ ಕೊಪ್ಪದ ಶಾಖೆಗೆ ಬೂತಪ್ಪ ಬಂದು ಮೇಜಿನ ಮೇಲೆ ಪೊಟ್ಟಣ ಇಟ್ಟ. ಕಂಪ್ಯೂಟರಿನ ಮುಂದೆ ಕೂತಿದ್ದ ಅರ್ಪಣಾ ಬಿಚ್ಚಿ ನೋಡಿದಳು. ಪೆನ್‌ಡ್ರೈವಿನ ತಗಡಿನ ಬಾಯಿಗೆ ಕೆಂಪು ಅರಗು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅದರ ಮೇಲೆ ಎನ್.ಆರ್. ಪುರ ಶಾಖೆಯ ಮೊಹರು.

"ಇದೆಂತದು ಬೂತಪ್ಪ?"

"ಸೀಲು ಕಣಮ್ಮ. ತಾಲ್ಲೂಕಿಂದ ತಾಲ್ಲೂಕಿಗೆ ಹೋಗೋದಕ್ಕೆಲ್ಲ ಅರಗಿನ ಸೀಲು ಬೇಕು ಅಂತ ನಿಮ್ಮ ಸಮಿತೀನೇ ಬರ್ದಿದ್ದಲ್ವಾ? ಕವರಿಗೆ ಹಾಕಿದ್ರೆ ಕವರು ಹರೀತಾರೆ ಅಂತ, ಅಲ್ಲಿನ ಸಾಹೇಬ್ರು ಇದರ ಬಾಯಿಗೇ ಹಾಕಿದ್ರು. ಬಾರೀ ಬುದ್ಧಿವಂತ್ರು."

ನೀಲಾಂಬಿಕೆಗೆ ನಗು ಬಂತು. ಅರ್ಪಣಾ ಬ್ಲೇಡು ಹುಡುಕಿದಳು.

"ಮುಟ್ಬೇಡ!" ಉಮಾಮಹೇಶ್ವರ ಕುರ್ಚಿಯಿಂದ ಎದ್ದೇಬಿಟ್ಟ. "ಬೇರೆ ತಾಲ್ಲೂಕಿನ ಮುದ್ರೆ ನಾವು ಒಡೆಯೋ ಹಾಗಿಲ್ಲ. ಮೂರೂ ತಾಲ್ಲೂಕಿನವರ ಎದುರಿಗೆ ಒಡೀಬೇಕು. ಸಭೆ ಇರೋದು ಬರೋ ತಿಂಗಳು."

"ಸೀಟು ಇವತ್ತು ಸಂಜೆಗೆ ಹೋಗ್ತದೆ ಮಾರಾಯ್ರೆ. ಒಂದು ಫೋನು ಮಾಡಿ, ಹೆಸರು ಅಳ್ಸಿದ್ದು ಹೌದಾ ಅಂತ ಕೇಳಿ," ಎಂದಳು ನೀಲಾಂಬಿಕೆ.

"ಫೋನಲ್ಲಿ ಹೇಳಿದ್ದು ದಾಖಲೆ ಆಗ್ತದಾ?"

"ಅಳ್ಸಿದ್ದಕ್ಕೆ ಅವರು ಕೊಟ್ಟ ಚೀಟಿ ಉಂಟಲ್ಲ, ತಗೊಳ್ಳಿ."

ಆತ ಚೀಟಿಯನ್ನು ಕೊಪ್ಪದ ನಮೂನೆಯ ಪಕ್ಕದಲ್ಲಿಟ್ಟು ಅಳೆದ. "ಇದು ಅವರ ನಮೂನೆ. ನಮ್ಮದು ಎರಡು ಬೆರಳು ಉದ್ದ."

"ಎರಡು ಬೆರಳು ಬಟ್ಟೆ ಕೊಟ್ಟು ಹೊಲ್ಕೊಡ್ಲಾ?"

ಬೂತಪ್ಪ ಕೆಮ್ಮುವವನಂತೆ ಆಚೆ ತಿರುಗಿದ. ನೀಲಾಂಬಿಕೆ ಚೀಲದಿಂದ ನೂಲು ಕತ್ತರಿಸುವ ಕತ್ತರಿ ತೆಗೆದು, ಪೆನ್‌ಡ್ರೈವ್ ಎತ್ತಿಕೊಂಡು, ಗುಂಡಿಯ ಕಾಜದ ಅಂಚು ಬಿಡಿಸುವ ಹದದಲ್ಲಿ ಕೆರೆದಳು. ಅರಗು ಚೂರುಚೂರಾಗಿ ಮೇಜಿನ ಮೇಲೆ ಉದುರಿತು. ಅರ್ಪಣಾ ಕಾರ್ಯದರ್ಶಿಯ ಮುಖ ನೋಡದೆ ಪೆನ್‌ಡ್ರೈವ್ ಚುಚ್ಚಿಯೇಬಿಟ್ಟಳು. ಪರದೆಯ ಮೇಲೆ ಬಂತು: ನೀಲಾಂಬಿಕೆ, ಶರಣ್ಯಾ, ಬಾಳೆಹೊನ್ನೂರು, ಹೆಸರು ತೆಗೆಯಲಾಗಿದೆ.

ಗಂಟೆ ಹನ್ನೊಂದು. ಒಂದು ಸಹಿ ಬಿದ್ದರೆ ಶೃಂಗೇರಿಗೆ ಹನ್ನೆರಡರ ಬಸ್ಸು ಸಿಗುತ್ತಿತ್ತು.

ಉಮಾಮಹೇಶ್ವರ ಪೆನ್‌ಡ್ರೈವನ್ನು ಎಳೆದು ತೆಗೆದ. "ಹೊರಗಿನವರು ಮುದ್ರೆ ಒಡೆದ ಮಾಹಿತಿ ಚಲಾವಣೆ ಆಗಲ್ಲ. ಎನ್.ಆರ್. ಪುರಕ್ಕೆ ವಾಪಸ್ ಹೋಗಿ ಹೊಸ ಸೀಲು ಆಗಿ ಬರಬೇಕು."

"ಕಣ್ಣೆದುರಿಗೇ ಇತ್ತಲ್ಲ ಸಾರ್!" ಎಂದಳು ಅರ್ಪಣಾ.

"ಕಣ್ಣಿಗೆ ಕಂಡದ್ದಕ್ಕೆಲ್ಲ ಸಹಿ ಹಾಕೋಕೆ ನಾನೆಂತ ದಾರಿಹೋಕನಾ?"

ಈತ ದಾರಿಹೋಕನಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಂಡಳು ನೀಲಾಂಬಿಕೆ. ದಾರಿಹೋಕರಾದರೂ ಕೇಳಿದರೆ ದಾರಿ ತೋರಿಸುತ್ತಾರೆ.

ಶರಣ್ಯಾಳನ್ನು ಉಳಿದ ಕಾಗದಗಳ ಜೊತೆ ಶೃಂಗೇರಿಯ ಬಸ್ಸು ಹತ್ತಿಸಿ, ನೀಲಾಂಬಿಕೆ ಎನ್.ಆರ್. ಪುರಕ್ಕೆ ಓಡಿದಳು. ಅಲ್ಲೇ ಪ್ರಮಾಣಪತ್ರ ಬರೆಸಿಕೊಂಡರೆ ಹಾಸ್ಟೆಲಿಗೆ ಫ್ಯಾಕ್ಸ್ ಮಾಡಿಸಬಹುದಿತ್ತು. ಅಲ್ಲಿನ ಸಾಹೇಬರು ಅವಳ ಹೆಸರು ಹುಡುಕಿ, ಸಿಗದೆ, ತುಂಬ ಮರ್ಯಾದೆಯಿಂದಲೇ ಹೇಳಿದರು: "ನೀವು ನಮ್ಮ ತಾಲ್ಲೂಕಿನವರೇ ಅಲ್ಲವಲ್ಲ ಅಮ್ಮಾ."

ಅತ್ತ ಕೊಪ್ಪದಲ್ಲಿ ಉಮಾಮಹೇಶ್ವರ ಸಮಿತಿಗೆ ಕಳಿಸುವ ವರದಿಯಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದ: ಎನ್.ಆರ್. ಪುರದ ಮಾಹಿತಿ ಮುದ್ರೆಸಹಿತ, ಸಕಾಲದಲ್ಲಿ ತಲುಪಿದೆ. ಮೂರು ತಾಲ್ಲೂಕುಗಳ ಸಮನ್ವಯ ತೃಪ್ತಿಕರ.

ಐದು ಗಂಟೆಗೆ ಶೃಂಗೇರಿಯಲ್ಲಿ ಶರಣ್ಯಾಳ ಸೀಟನ್ನು ಪಟ್ಟಿಯ ಮುಂದಿನ ಹೆಸರಿಗೆ ಕೊಟ್ಟರು. ಒಂದು ಕಾಗದಕ್ಕೆ ಒಂದೇ ಕಚೇರಿ ಎಂದು ಉಮಾಮಹೇಶ್ವರ ಕೊಟ್ಟಿದ್ದ ಮಾತು ಮುರಿಯಿತು.